‘ನಾನು ಹೋಗಲ್ಲ’ ಅಂದ ಅಧಿಕಾರಿಗೆ ಸೇನಾ ಕಾನೂನಿನಲ್ಲಿ ಏನಾಗುತ್ತದೆ?

ಕಾರವಾರದವರಿಗೆ ಸೇನೆ ದೂರದ ಸಂಗತಿ ಅಲ್ಲ. ಟಾಗೋರ್ ಬೀಚಿನಲ್ಲಿ ಹಳೆಯ ಯುದ್ಧನೌಕೆ ಐಎನ್‌ಎಸ್ ಚಪಲ್ ನಿಂತಿದೆ. ಅಲ್ಲೇ ಹತ್ತಿರ ಚೆಂಡಿಯಾದ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. 1948ರ ಏಪ್ರಿಲ್‌ನಲ್ಲಿ ನೌಶೇರಾ-ರಜೌರಿ ರಸ್ತೆಯಲ್ಲಿ ಗುಂಡಿನ ಮಳೆಯ ಮಧ್ಯೆ ನೆಲಬಾಂಬ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು ಅವರು. ಆಗ ಅವರು ಸೆಕೆಂಡ್ ಲೆಫ್ಟಿನೆಂಟ್. ಹೆದ್ದಾರಿ ಹಿಡಿದು ಅಂಕೋಲಾ ಕಡೆ ಹೊರಟರೆ ಬಿಣಗಾ, ಅರ್ಗಾ ಬರುತ್ತವೆ, ಅಲ್ಲೇ ಸೀಬರ್ಡ್ ನೌಕಾನೆಲೆ ಯೋಜನೆ. 2005ರ ಮೇ 31ರಂದು ಶುರುವಾದ ಐಎನ್‌ಎಸ್ ಕದಂಬ ನೆಲೆಗಾಗಿ ಜಮೀನು, ಮನೆ ಬಿಟ್ಟುಕೊಟ್ಟ ಕುಟುಂಬಗಳು ಈ ತಾಲೂಕುಗಳಲ್ಲಿ ಊರೂರಿಗೂ ಸಿಗುತ್ತವೆ. ಹಡಗಿನವರು ನಮ್ಮ ಬಾಡಿಗೆ ಮನೆಗಳಲ್ಲಿದ್ದಾರೆ. ನಮ್ಮ ಮಕ್ಕಳು ಅವರ ಹಡಗುಗಳಲ್ಲಿದ್ದಾರೆ.

ಹಾಗಾಗಿ ಇಲ್ಲಿ ಈ ಪ್ರಶ್ನೆ ಸುಮ್ನೆ ಕುತೂಹಲದ್ದಲ್ಲ. ಹಡಗು ಹೊರಡುವ ಹೊತ್ತಿಗೆ, ಪಡೆ ಗಡಿಗೆ ಹೋಗುವ ಹೊತ್ತಿಗೆ ಒಬ್ಬ ಅಧಿಕಾರಿ ‘ನಾನು ಹೋಗಲ್ಲ’ ಅಂದರೆ ಮುಂದೇನು? ಕೆಲವರು ‘ಕೋರ್ಟ್ ಮಾರ್ಷಲ್ ಮಾಡಿ ಗುಂಡು ಹೊಡೀತಾರೆ’ ಅನ್ನುತ್ತಾರೆ. ಕೆಲವರು ‘ರಾಜೀನಾಮೆ ಬಿಸಾಕಿ ಮನೆಗೆ ಬಂದರಾಯ್ತಪ್ಪ’ ಅನ್ನುತ್ತಾರೆ. ಎರಡೂ ಸರಿ ಅಲ್ಲ. ಕಾನೂನು ಕೇಳುವ ಪ್ರಶ್ನೆಗಳು ಬೇರೆ. ಆದೇಶ ಯಾವುದು, ಕೊಟ್ಟವರು ಯಾರು, ಅದು ಕಾನೂನುಬದ್ಧವೇ, ಇವನು ಮಾಡಿದ್ದೇನು, ಯಾವ ಉದ್ದೇಶದಿಂದ ಮಾಡಿದ, ಯಾವಾಗ ಮಾಡಿದ? ಉತ್ತರ ಬದಲಾದ ಹಾಗೆ ಅಪರಾಧದ ಹೆಸರೂ ಬದಲಾಗುತ್ತದೆ, ಶಿಕ್ಷೆಯೂ ಬದಲಾಗುತ್ತದೆ.

ಮೊದಲು ರಾಜೀನಾಮೆಯ ಮಾತು. ನಮ್ಮಲ್ಲಿ ಕಡ್ಡಾಯ ಸೇನಾ ಸೇವೆ ಇಲ್ಲ, ಎಲ್ಲರೂ ಇಷ್ಟಪಟ್ಟು ಸೇರಿದವರೇ. ಆದರೆ ಸೇರಿದ ಮೇಲೆ ಹೊರಗೆ ಬರುವುದು ತಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ರಾಜೀನಾಮೆ ಕೊಡಬಹುದು. ಅದು ಅಂಗೀಕಾರವಾಗಿ, ಕೆಲಸದಿಂದ ಬಿಡುಗಡೆ ಆಗುವ ತನಕ ಆತ ಸೇನಾ ಕಾನೂನಿನ ಕೆಳಗೇ ಇರುತ್ತಾನೆ. ಸಂವಿಧಾನದ 33ನೇ ವಿಧಿಯೇ ಇದಕ್ಕೆ ದಾರಿ ಮಾಡಿದೆ. ಸೇನೆಯವರ ಮೂಲಭೂತ ಹಕ್ಕುಗಳನ್ನು ಎಷ್ಟರ ಮಟ್ಟಿಗೆ ಮೊಟಕು ಮಾಡಬೇಕು ಅಂತ ಸಂಸತ್ತು ನಿರ್ಧರಿಸಬಹುದು. ಭೂಸೇನೆಗೆ, ವಾಯುಪಡೆಗೆ 1950ರ ಕಾಯ್ದೆಗಳಿವೆ. ನೌಕಾಪಡೆಗೆ 1957ರ ಕಾಯ್ದೆ. ಮೂರರದ್ದೂ ಚೌಕಟ್ಟು ಒಂದೇ ಬಗೆಯದು, ವಿವರ ಬೇರೆ ಬೇರೆ. ಇಲ್ಲಿ ಜಾಸ್ತಿ ಭೂಸೇನೆಯ ಕಾಯ್ದೆಯನ್ನೇ ಹಿಡಿದು ಹೇಳುತ್ತೇನೆ, ನೌಕಾಪಡೆಯ ವ್ಯತ್ಯಾಸ ಬಂದಲ್ಲಿ ಅದನ್ನೂ ಹೇಳುತ್ತೇನೆ.

ಒಂದೇ ‘ಇಲ್ಲ’, ನಾಲ್ಕು ಅಪರಾಧ

ಶಿರಸಿ ಕಡೆಯ ಒಬ್ಬ ಕ್ಯಾಪ್ಟನ್ ರಜೆಗೆ ಬಂದಿದ್ದಾನೆ ಅಂತ ಇಟ್ಟುಕೊಳ್ಳಿ. ಘಟಕದಿಂದ ಫೋನ್ ಬರುತ್ತದೆ: ರಜೆ ರದ್ದಾಗಿದೆ, ಪಡೆ ಕಾಶ್ಮೀರಕ್ಕೆ ಹೊರಟಿದೆ, ಸೋಮವಾರದೊಳಗೆ ಹಾಜರಾಗಬೇಕು. ಮನೆಯಲ್ಲಿ ಅಜ್ಜಿ ‘ಅಪ್ಪೀ, ಈ ಸಲ ಹೋಗಡ’ ಅನ್ನುತ್ತಾಳೆ. ಆತನಿಗೂ ಮನಸ್ಸಿಲ್ಲ.

ಅವನು ಸೋಮವಾರ ಹೋಗದೆ ಹತ್ತು ದಿನ ತಡವಾಗಿ ಹಾಜರಾದ ಅನ್ನಿ. ಅದು ರಜೆ ಇಲ್ಲದೆ ಗೈರುಹಾಜರಿ, 39ನೇ ಕಲಂ. ಗರಿಷ್ಠ 3 ವರ್ಷ ಸೆರೆ. ವಾಪಸ್ ಹೋಗುವ ಉದ್ದೇಶವೇ ಇಲ್ಲದೆ, ಅಥವಾ ಆ ನಿಯೋಜನೆಯಿಂದ ತಪ್ಪಿಸಿಕೊಳ್ಳಲೆಂದೇ ಉಳಿದುಕೊಂಡರೆ ಅದು ಪಲಾಯನ, 38ನೇ ಕಲಂ. ಮಾಮೂಲಿ ಸಂದರ್ಭದಲ್ಲಿ ಇದಕ್ಕೆ 7 ವರ್ಷದವರೆಗೆ ಸೆರೆ. ಆದರೆ ಸಕ್ರಿಯ ಸೇವೆಯಲ್ಲಿದ್ದಾಗ (ಸರಳವಾಗಿ ಹೇಳಿದರೆ, ಶತ್ರುವಿನ ವಿರುದ್ಧ ಕಾರ್ಯಾಚರಣೆಯಲ್ಲಿರುವ ಪಡೆಯಲ್ಲಿದ್ದಾಗ), ಅಥವಾ ಸಕ್ರಿಯ ಸೇವೆಗೆ ಹೊರಡುವ ಆದೇಶ ಕೈಗೆ ಬಂದ ಮೇಲೆ ಪಲಾಯನ ಮಾಡಿದರೆ ಗರಿಷ್ಠ ಶಿಕ್ಷೆ ಮರಣದಂಡನೆ. ಜನ ಹೇಳುವ ‘ಗುಂಡು ಹೊಡೀತಾರೆ’ ಅನ್ನುವ ಮಾತಿನ ಮೂಲ ಇದೇ ಇರಬೇಕು. ಗರಿಷ್ಠ ಅಂದರೆ ಅದಕ್ಕಿಂತ ಮೇಲೆ ಹೋಗುವ ಹಾಗಿಲ್ಲ ಅಂತ ಅಷ್ಟೇ. ಎಷ್ಟು ಕಡಿಮೆ ಬೇಕಾದರೂ ಕೊಡಬಹುದು.

ಮೂರನೆಯದು ನಾವು ಕೇಳುತ್ತಿರುವ ಪ್ರಶ್ನೆಗೆ ನೇರ ಉತ್ತರ. ಆತ ಓಡಿಹೋಗುವುದಿಲ್ಲ. ಸೋಮವಾರ ಘಟಕಕ್ಕೆ ಹೋಗಿ, ಕಮಾಂಡಿಂಗ್ ಆಫೀಸರ್ ಎದುರು ನಿಂತು, ‘ಸರ್, ನಾನು ಹೋಗುವುದಿಲ್ಲ’ ಅನ್ನುತ್ತಾನೆ. ಇದು 41ನೇ ಕಲಂ, ಆದೇಶ ಉಲ್ಲಂಘನೆ. ಮೇಲಧಿಕಾರಿ ಖುದ್ದಾಗಿ ಕೊಟ್ಟ ಕಾನೂನುಬದ್ಧ ಆದೇಶವನ್ನು ಅಧಿಕಾರಕ್ಕೇ ಸವಾಲು ಹಾಕುವ ರೀತಿಯಲ್ಲಿ ತಿರಸ್ಕರಿಸಿದರೆ 14 ವರ್ಷದವರೆಗೆ ಸೆರೆ. ಆ ಸವಾಲಿನ ಧೋರಣೆ ಇಲ್ಲದ ಉಲ್ಲಂಘನೆಗೆ ಸಕ್ರಿಯ ಸೇವೆಯಲ್ಲಾದರೆ 14, ಇಲ್ಲದಿದ್ದರೆ 5 ವರ್ಷದವರೆಗೆ. ‘ಸವಾಲು ಹಾಕಿದ’ ಅನ್ನುವುದನ್ನು ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕು. ಆತ ಆಡಿದ ಮಾತು, ಯಾರೆದುರು ಆಡಿದ, ಎರಡನೇ ಸಲ ಕೇಳಿದಾಗ ಏನಂದ, ಎಲ್ಲವೂ ಸಾಕ್ಷ್ಯಕ್ಕೆ ಬರುತ್ತವೆ.

ನಾಲ್ಕನೆಯದು ತುಂಬ ಅಪಾಯದ್ದು. ತಾನು ಹೋಗದೆ ಇರುವುದಷ್ಟೇ ಅಲ್ಲ, ಪಕ್ಕದವರನ್ನೂ ಸೇರಿಸಿಕೊಂಡ ಅಂದರೆ ಅದು 37ನೇ ಕಲಂನ ದಂಗೆ. ಅಲ್ಲಿಯೂ ಮರಣದಂಡನೆಯವರೆಗೆ ಅವಕಾಶವಿದೆ. ಅಧಿಕಾರಿಯ ಕೈಕೆಳಗೆ ಜವಾನರಿರುತ್ತಾರೆ, ಅವನ ಮಾತು ಅವರ ಕಿವಿಗೆ ಬಿದ್ದೇ ಬೀಳುತ್ತದೆ. ಜವಾನನ ನಿರಾಕರಣೆಗಿಂತ ಅಧಿಕಾರಿಯ ನಿರಾಕರಣೆಯನ್ನು ಸೇನೆ ಗಂಭೀರವಾಗಿ ನೋಡುವುದಕ್ಕೆ ಇದೇ ಕಾರಣ.

ಆದೇಶವೇ ತಪ್ಪಾಗಿದ್ದರೆ?

41ನೇ ಕಲಂನಲ್ಲಿ ‘ಕಾನೂನುಬದ್ಧ’ ಅನ್ನುವ ಪದ ಇದೆ. ಇಡೀ ವಿಷಯದಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಇದೇ. ಯಾವ ಆದೇಶವನ್ನಾದರೂ ಪಾಲಿಸು ಅಂತ ಕಾಯ್ದೆ ಎಲ್ಲೂ ಹೇಳಿಲ್ಲ. ಶರಣಾದವನನ್ನು ಕೊಲ್ಲು ಅಂತ ಮೇಲಧಿಕಾರಿ ಹೇಳಿದರೆ ಅದು ಕಾನೂನುಬದ್ಧ ಆದೇಶ ಅಲ್ಲ. ಅದನ್ನು ಪಾಲಿಸಿದವನೇ ಅಪರಾಧಿ ಆಗುತ್ತಾನೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 14ನೇ ಕಲಂನಲ್ಲಿ, ಹಿಂದಿನ ದಂಡ ಸಂಹಿತೆಯ 76ನೇ ಕಲಂನಲ್ಲಿ ಇದ್ದ ಉದಾಹರಣೆಯೇ ಇದೆ: ಮೇಲಧಿಕಾರಿಯ ಆದೇಶದಂತೆ ಸೈನಿಕನೊಬ್ಬ ಗುಂಪಿನ ಮೇಲೆ ಗುಂಡು ಹಾರಿಸುತ್ತಾನೆ, ಅದು ಅಪರಾಧವಲ್ಲ. ಆದರೆ ಒಂದು ಷರತ್ತು: ಆದೇಶ ಕಾನೂನಿಗೆ ತಕ್ಕಂತೆ ಇರಬೇಕು. ‘ಸಾಹೇಬ್ರು ಹೇಳಿದ್ರು’ ಅನ್ನುವುದೊಂದೇ ಗುರಾಣಿ ಆಗದು.

ಹಾಗಾದರೆ ‘ಈ ಯುದ್ಧವೇ ಕಾನೂನುಬಾಹಿರ, ಅದಕ್ಕೆ ನಾನು ಹೋಗಲ್ಲ’ ಅನ್ನಬಹುದೇ? ಇದು ಬೇರೆ ದೇಶಗಳಲ್ಲಿ ನಿಜವಾಗಿಯೇ ನ್ಯಾಯಾಲಯದ ಮೆಟ್ಟಿಲೇರಿದೆ.

ಬ್ರಿಟನ್ನಿನ ವಾಯುಪಡೆಯ ವೈದ್ಯ ಮಾಲ್ಕಂ ಕೆಂಡಲ್-ಸ್ಮಿತ್ ಫ್ಲೈಟ್ ಲೆಫ್ಟಿನೆಂಟ್ ಆಗಿದ್ದರು. 2005ರಲ್ಲಿ ಇರಾಕಿನ ಬಸ್ರಾಕ್ಕೆ ಹೋಗಲು ಒಪ್ಪಲಿಲ್ಲ. ಅಲ್ಲಿ ಬ್ರಿಟಿಷ್ ಪಡೆ ಇರುವುದೇ ಅಕ್ರಮ ಅನ್ನುವುದು ಅವರ ವಾದ. ಅವರಿಗೆ ಆದೇಶ ಬಂದ ಹೊತ್ತಿಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯಗಳ ಬಲ ಆ ಪಡೆಗಿತ್ತು, ಹಾಗಾಗಿ ಆದೇಶ ಕಾನೂನುಬದ್ಧ ಅಂತ ಕೋರ್ಟ್ ಮಾರ್ಷಲ್‌ನಲ್ಲಿ ಕಾನೂನಿನ ವಿಷಯ ನೋಡುವ ಜಡ್ಜ್ ಅಡ್ವೊಕೇಟ್ ತೀರ್ಮಾನಿಸಿದರು. 2006ರ ಏಪ್ರಿಲ್‌ನಲ್ಲಿ 8 ತಿಂಗಳು ಜೈಲು, ಸೇವೆಯಿಂದ ವಜಾ.

ಅಮೆರಿಕದ ಲೆಫ್ಟಿನೆಂಟ್ ಎರೆನ್ ವಟಾಡಾ ಅವರ ಕಥೆ ಬೇರೆ ತಿರುವು ತೆಗೆದುಕೊಂಡಿತು. 2006ರ ಜೂನ್‌ನಲ್ಲಿ ಅವರ ದಳ ಇರಾಕಿಗೆ ಹೊರಟಾಗ ಅವರು ಹೋಗಲಿಲ್ಲ. ಬಹಿರಂಗವಾಗಿ ಹಾಗೆ ನಿರಾಕರಿಸಿದ ಮೊದಲ ಅಮೆರಿಕನ್ ಅಧಿಕಾರಿ ಅವರು. ಅಫ್ಘಾನಿಸ್ತಾನಕ್ಕೆ ಬೇಕಾದರೆ ಹೋಗುತ್ತೇನೆ ಅಂದಿದ್ದರು, ರಾಜೀನಾಮೆ ಕೊಡುತ್ತೇನೆ ಅಂತಲೂ ಅಂದಿದ್ದರು. ಸೇನೆ ಎರಡನ್ನೂ ಒಪ್ಪಲಿಲ್ಲ. ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧ ಒಲ್ಲೆ ಅನ್ನುವವರಿಗೆ ಅಮೆರಿಕದಲ್ಲಿ ಒಂದು ವ್ಯವಸ್ಥೆ ಇದೆ, ಆದರೆ ಅದು ಎಲ್ಲ ಯುದ್ಧಗಳನ್ನೂ ವಿರೋಧಿಸುವವರಿಗೆ ಮಾತ್ರ. ಒಂದು ಯುದ್ಧ ಬೇಡ, ಇನ್ನೊಂದು ಆಗಬಹುದು ಅನ್ನುವವರಿಗೆ ಅಲ್ಲಿ ಜಾಗ ಇಲ್ಲ. ಕೋರ್ಟ್ ಮಾರ್ಷಲ್ ಶುರುವಾಯಿತು. ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದ ಒಂದು ಹೇಳಿಕೆಯ ಅರ್ಥದ ಬಗ್ಗೆ ಗೊಂದಲ ಎದ್ದು, 2007ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ವಿಚಾರಣೆಯನ್ನೇ ಅರ್ಧಕ್ಕೆ ರದ್ದು ಮಾಡಿದರು. ಸೇನೆ ಮತ್ತೆ ವಿಚಾರಣೆಗೆ ಹೊರಟಾಗ ಅಲ್ಲಿನ ಫೆಡರಲ್ ನ್ಯಾಯಾಲಯ ತಡೆಯಿತು: ಒಂದೇ ಆರೋಪಕ್ಕೆ ಒಬ್ಬನನ್ನು ಎರಡು ಸಲ ಕಟಕಟೆಗೆ ತರುವಂತಿಲ್ಲ. 2009ರಲ್ಲಿ ಅವರನ್ನು ಸೇವೆಯಿಂದ ಬಿಡುಗಡೆ ಮಾಡಿದರು, ಜೈಲಾಗಲಿಲ್ಲ. ಗಮನಿಸಿ, ಯುದ್ಧ ಸರಿಯೋ ತಪ್ಪೋ ಅನ್ನುವ ಅವರ ಮೂಲ ಪ್ರಶ್ನೆಗೆ ಕೊನೆಗೂ ಉತ್ತರ ಸಿಗಲಿಲ್ಲ. ಅವರನ್ನು ಉಳಿಸಿದ್ದು ಪ್ರಕ್ರಿಯೆ. ನಮ್ಮ ಸಂವಿಧಾನದ 20ನೇ ವಿಧಿ ಮತ್ತು ಸೇನಾ ಕಾಯ್ದೆಯ 121ನೇ ಕಲಂ ಕೂಡ ಎರಡನೇ ವಿಚಾರಣೆಗೆ ಅಡ್ಡ ನಿಲ್ಲುತ್ತವೆ, ಆದರೆ ಮೊದಲ ವಿಚಾರಣೆಯಲ್ಲಿ ಖುಲಾಸೆಯೋ ಶಿಕ್ಷೆಯೋ ಆಗಿರಬೇಕು.

ಎಲ್ಲಿಗೆ ಪಡೆ ಕಳಿಸಬೇಕು ಅನ್ನುವುದು ಸರ್ಕಾರದ ತೀರ್ಮಾನ. ಅದನ್ನು ಕೋರ್ಟ್ ಮಾರ್ಷಲ್ ಕೋಣೆಯಲ್ಲಿ ಪ್ರಶ್ನಿಸಿ ಗೆಲ್ಲುವುದು ಬಹಳ ಕಷ್ಟ. ತನ್ನ ಕೈಯಿಂದ ನಿರ್ದಿಷ್ಟ ಅಪರಾಧ ಮಾಡಿಸುವ ಆದೇಶಕ್ಕೆ ‘ಇಲ್ಲ’ ಅನ್ನುವುದು ಬೇರೆ, ನಿಯೋಜನೆಗೆ ‘ಇಲ್ಲ’ ಅನ್ನುವುದು ಬೇರೆ. ಮೊದಲನೆಯದನ್ನು ಕಾನೂನು ಕಾಯುತ್ತದೆ.

ಕೋರ್ಟ್ ಮಾರ್ಷಲ್ ಒಳಗೆ

ನಮ್ಮ ಕ್ಯಾಪ್ಟನ್ ಹತ್ತಿರ ಬರೋಣ. ಅವನು ‘ಹೋಗಲ್ಲ’ ಅಂದ ಮರುಕ್ಷಣ ಕೋರ್ಟ್ ಮಾರ್ಷಲ್ ಕೂರುವುದಿಲ್ಲ. ಬಂಧನದಲ್ಲಿಟ್ಟರೆ 48 ಗಂಟೆಯೊಳಗೆ ಕಮಾಂಡಿಂಗ್ ಆಫೀಸರ್ ಆರೋಪದ ತನಿಖೆ ಶುರು ಮಾಡಬೇಕು. ವಿಚಾರಣೆ ಇಲ್ಲದೆ ಬಂಧನ ಉದ್ದವಾದರೆ ಎಂಟೆಂಟು ದಿನಕ್ಕೊಮ್ಮೆ ತಡ ಯಾಕಾಯಿತು ಅಂತ ವರದಿ ಕೊಡಬೇಕು. ಆಮೇಲೆ ಸಾಕ್ಷ್ಯ ಸಾರಾಂಶ ಸಿದ್ಧವಾಗುತ್ತದೆ. ಸಾಕ್ಷಿಗಳ ಮಾತನ್ನು ಆರೋಪಿಯ ಎದುರೇ ಬರೆದುಕೊಳ್ಳುತ್ತಾರೆ, ಅವರನ್ನು ಪಾಟೀಸವಾಲು ಮಾಡುವ ಹಕ್ಕು ಆರೋಪಿಗಿದೆ. ಇದನ್ನು ನೋಡಿ ಮೇಲಿನವರು ಕೋರ್ಟ್ ಮಾರ್ಷಲ್ ಬೇಕೇ, ಛೀಮಾರಿಯಂಥ ಸಣ್ಣ ಶಿಕ್ಷೆ ಸಾಕೇ ಅಂತ ತೀರ್ಮಾನಿಸುತ್ತಾರೆ. ಸಾಕಷ್ಟು ಪ್ರಕರಣ ಇಲ್ಲೇ ಮುಗಿಯಬಹುದು.

ಕೋರ್ಟ್ ಮಾರ್ಷಲ್‌ನಲ್ಲಿ ನಾಲ್ಕು ಬಗೆ ಇವೆ. ಅಧಿಕಾರಿಯನ್ನು ಸಾಮಾನ್ಯವಾಗಿ ವಿಚಾರಿಸುವುದು ಜನರಲ್ ಕೋರ್ಟ್ ಮಾರ್ಷಲ್. ಕನಿಷ್ಠ ಐದು ಅಧಿಕಾರಿಗಳು ಕೂರುತ್ತಾರೆ. ಪ್ರತಿಯೊಬ್ಬರೂ ಅಧಿಕಾರಿಯಾಗಿ (ಕಮಿಷನ್ ಪಡೆದು) ಕನಿಷ್ಠ 3 ವರ್ಷ ಆಗಿರಬೇಕು, ಅವರಲ್ಲಿ ನಾಲ್ವರಾದರೂ ಕ್ಯಾಪ್ಟನ್ ಅಥವಾ ಅದಕ್ಕಿಂತ ಮೇಲಿನವರಾಗಿರಬೇಕು. ಕಾನೂನು ತಿಳಿಸಿಕೊಡಲು ಜಡ್ಜ್ ಅಡ್ವೊಕೇಟ್ ಇರಲೇಬೇಕು, ಆದರೆ ಅವರಿಗೆ ಮತ ಇಲ್ಲ. ಆರೋಪಪಟ್ಟಿ ತಿಳಿಸಿದ ಮೇಲೆ ವಿಚಾರಣೆಗೆ ಕನಿಷ್ಠ 96 ಗಂಟೆ ಬಿಡುವು ಕೊಡಬೇಕು, ಸಕ್ರಿಯ ಸೇವೆಯಲ್ಲಾದರೆ 24 ಗಂಟೆ. ಆರೋಪಿ ಪರವಾಗಿ ಸೇನಾ ಅಧಿಕಾರಿಯೊಬ್ಬರು ನಿಲ್ಲಬಹುದು, ಹೊರಗಿನ ವಕೀಲರನ್ನೂ ಇಟ್ಟುಕೊಳ್ಳಬಹುದು.

ಶುರುವಿನಲ್ಲೇ ಒಂದು ಮುಖ್ಯ ಘಳಿಗೆ ಇದೆ. ಸದಸ್ಯರ ಹೆಸರುಗಳನ್ನು ಓದಿ, ‘ಇವರಲ್ಲಿ ಯಾರ ಬಗ್ಗೆಯಾದರೂ ನಿಮಗೆ ಆಕ್ಷೇಪ ಇದೆಯೇ?’ ಅಂತ ಆರೋಪಿಯನ್ನು ಕೇಳಬೇಕು. ಸಾಕ್ಷ್ಯವೆಲ್ಲ ಮುಗಿದ ಮೇಲೆ ಬಾಗಿಲು ಮುಚ್ಚಿ ಮತ ಕೇಳುತ್ತಾರೆ. ಮೊದಲು ಬಾಯಿ ಬಿಡಬೇಕಾದವರು ಎಲ್ಲರಿಗಿಂತ ಕಿರಿಯ ಅಧಿಕಾರಿ. ಬ್ರಿಗೇಡಿಯರ್ ಏನಂದರು ಅಂತ ಕೇಳಿಸಿಕೊಂಡು ಕ್ಯಾಪ್ಟನ್ ತಲೆಯಾಡಿಸಬಾರದು ಅನ್ನುವುದಕ್ಕೆ ಈ ಕ್ರಮ. ಮತ ಸಮಸಮ ಆದರೆ ತೀರ್ಮಾನ ಆರೋಪಿಯ ಕಡೆಗೆ. ಮರಣದಂಡನೆಗೆ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಬೇಕು. ಯಾರು ಯಾವ ಕಡೆ ಮತ ಹಾಕಿದರು ಅಂತ ಹೊರಗೆ ಹೇಳುವುದಿಲ್ಲ ಅಂತ ಎಲ್ಲರೂ ಪ್ರಮಾಣ ಮಾಡಿರುತ್ತಾರೆ.

ಅಧಿಕಾರಿಗೆ ಸೆರೆ ವಿಧಿಸುವುದಾದರೆ ಮೊದಲು ಅವನ ಅಧಿಕಾರಿ ಪದವಿಯನ್ನು ಅವಮಾನಕರವಾಗಿ ಕಿತ್ತುಹಾಕುವ ಶಿಕ್ಷೆ ಹೇಳಬೇಕು. ಸೇನೆಯಲ್ಲಿ ಇದನ್ನು ಕ್ಯಾಷಿಯರಿಂಗ್ ಅನ್ನುತ್ತಾರೆ. ಅಧಿಕಾರಿಯಾಗಿಯೇ ಉಳಿದು ಯಾರೂ ಜೈಲಿಗೆ ಹೋಗುವುದಿಲ್ಲ. ಅದಕ್ಕಿಂತ ಕಡಿಮೆ ಶಿಕ್ಷೆಗಳೂ ಇವೆ: ಬರೀ ವಜಾ, ಜ್ಯೇಷ್ಠತೆ ಕಡಿತ, ತೀವ್ರ ಛೀಮಾರಿ. ಈ ತೀರ್ಪು ಕೂಡ ತಕ್ಷಣ ಜಾರಿಗೆ ಬರುವುದಿಲ್ಲ. ಮೇಲಿನ ಅಧಿಕಾರಿ ದೃಢೀಕರಿಸುವ ತನಕ ಅದಕ್ಕೆ ಬೆಲೆ ಇಲ್ಲ. ಬೇಕಿದ್ದರೆ ಒಂದು ಸಲ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು.

ಅರ್ಗಾದ ಕಡೆ, ಅಂದರೆ ನೌಕಾಪಡೆಯಲ್ಲಿ, ಇದು ಬೇರೆ. ಅಲ್ಲಿ ನಾಲ್ಕು ಬಗೆ ಇಲ್ಲ. ಐದರಿಂದ ಒಂಬತ್ತು ಅಧಿಕಾರಿಗಳ ಒಂದೇ ಕೋರ್ಟ್ ಮಾರ್ಷಲ್. ಮರಣದಂಡನೆ ಬಿಟ್ಟರೆ ದೃಢೀಕರಣದ ಹಂತವೂ ಇಲ್ಲ, ತೀರ್ಪು ತೀರ್ಪೇ. ಬದಲಿಗೆ ನೌಕಾಪಡೆಯ ಜಡ್ಜ್ ಅಡ್ವೊಕೇಟ್ ಜನರಲ್ ಅದನ್ನು ಕಾನೂನಿನ ಕಣ್ಣಿನಿಂದ ಪರಿಶೀಲಿಸಿ ನೌಕಾಪಡೆಯ ಮುಖ್ಯಸ್ಥರಿಗೆ ವರದಿ ಕೊಡುತ್ತಾರೆ. ಕ್ಯಾಷಿಯರಿಂಗ್ ಬದಲು ಅಲ್ಲಿರುವುದು ಅವಮಾನದೊಂದಿಗೆ ವಜಾ.

ಊಟ ಮಾಡಲಿಲ್ಲ ಅಂತ ಒಂದು ವರ್ಷ ಜೈಲು

ಆ ‘ಆಕ್ಷೇಪ ಇದೆಯೇ’ ಅನ್ನುವ ಪ್ರಶ್ನೆಯ ತೂಕ ಗೊತ್ತಾಗಬೇಕಾದರೆ ರಣಜಿತ್ ಠಾಕೂರ್ ಪ್ರಕರಣ ನೋಡಬೇಕು. ಅವರು ಅಧಿಕಾರಿ ಅಲ್ಲ, ಸಿಗ್ನಲ್ಸ್ ವಿಭಾಗದ ಸೈನಿಕ. ತಮ್ಮ ಮೇಲಧಿಕಾರಿ ಕೆಟ್ಟದಾಗಿ ನಡೆಸಿಕೊಳ್ಳುತ್ತಾರೆ ಅಂತ ನೇರವಾಗಿ ಇನ್ನೂ ಮೇಲಿನವರಿಗೆ ದೂರು ಬರೆದರು. ಕ್ರಮ ತಪ್ಪಿ ದೂರು ಕೊಟ್ಟಿದ್ದಕ್ಕೆ 28 ದಿನ ಕಠಿಣ ಸೆರೆ ಆಯಿತು. ಸೆರೆಯಲ್ಲಿದ್ದಾಗ, 1985ರ ಮೇ ತಿಂಗಳಲ್ಲಿ, ಊಟ ಮಾಡು ಅಂತ ಆದೇಶ ಕೊಟ್ಟರು. ಅವರು ಮಾಡಲಿಲ್ಲ. ಅದೇ 41ನೇ ಕಲಂ. ಮರುದಿನವೇ ಸಮರಿ ಕೋರ್ಟ್ ಮಾರ್ಷಲ್, ಅಂದರೆ ನಾಲ್ಕು ಬಗೆಯಲ್ಲಿ ಚುಟುಕಾಗಿ ಮುಗಿಸುವ ವಿಚಾರಣೆ. ಒಂದು ವರ್ಷ ಕಠಿಣ ಸೆರೆ, ಸೇವೆಯಿಂದ ವಜಾ. ಯಾರ ವಿರುದ್ಧ ದೂರು ಕೊಟ್ಟಿದ್ದರೋ ಅದೇ ಅಧಿಕಾರಿ ಆ ವಿಚಾರಣೆಯಲ್ಲಿ ಕೂತಿದ್ದರು. ಆಕ್ಷೇಪ ಇದೆಯೇ ಅಂತ ಕೇಳುವ ಕೆಲಸವೂ ಆಗಿರಲಿಲ್ಲ.

1987ರಲ್ಲಿ ಸುಪ್ರೀಂ ಕೋರ್ಟ್ ಇಡೀ ವಿಚಾರಣೆಯನ್ನು ರದ್ದು ಮಾಡಿತು. ತೀರ್ಪು ಬರೆದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ದೂರು ಯಾರ ಮೇಲಿತ್ತೋ ಅವರೇ ತೀರ್ಪುಗಾರ ಆಗುವ ಹಾಗಿಲ್ಲ, ಶಿಕ್ಷೆ ತಪ್ಪಿಗೆ ತಕ್ಕಂತೆ ಇರಬೇಕು, ಇಲ್ಲಿ ಆ ಎರಡೂ ಕೆಟ್ಟಿವೆ ಅಂದರು. ಎಲ್ಲ ಸೌಲಭ್ಯಗಳೊಂದಿಗೆ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುವಂತೆ ಆದೇಶವಾಯಿತು. ಆದೇಶ ಉಲ್ಲಂಘನೆ ಅಂದ ತಕ್ಷಣ ಶಿಸ್ತು, ದೇಶಭಕ್ತಿ ಅಂತ ಮಾತಾಡುವವರು ಈ ಪ್ರಕರಣವನ್ನು ಒಮ್ಮೆ ಓದಬೇಕು. ಶಿಸ್ತಿನ ಹೆಸರಲ್ಲಿ ಹಗೆ ತೀರಿಸಿಕೊಳ್ಳುವುದು ಎಷ್ಟು ಸುಲಭ ಅಂತ ಅದರಲ್ಲಿ ಕಾಣುತ್ತದೆ.

ಕೋರ್ಟ್ ಮಾರ್ಷಲ್ ಇಲ್ಲದ ದಾರಿ

ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ದಾರಿ ಇದೆ. ಸೇನಾ ಕಾಯ್ದೆಯ 19ನೇ ಕಲಂ ಮತ್ತು ಸೇನಾ ನಿಯಮಗಳ 14ನೇ ನಿಯಮದ ಕೆಳಗೆ, ಕೋರ್ಟ್ ಮಾರ್ಷಲ್ ನಡೆಸುವುದು ಸೂಕ್ತ ಅಲ್ಲ ಅನ್ನಿಸಿದರೆ, ಷೋಕಾಸ್ ನೋಟಿಸ್ ಕೊಟ್ಟು, ಉತ್ತರ ತೆಗೆದುಕೊಂಡು, ಕೇಂದ್ರ ಸರ್ಕಾರ ಅಧಿಕಾರಿಯನ್ನು ಮನೆಗೆ ಕಳಿಸಬಹುದು. 2017ರಲ್ಲಿ ಸೇನೆ ಸೇರಿದ್ದ ಒಬ್ಬ ಕ್ರೈಸ್ತ ಲೆಫ್ಟಿನೆಂಟ್ ರೆಜಿಮೆಂಟಿನ ಪ್ರಾರ್ಥನಾ ಸ್ಥಳದ ಗರ್ಭಗುಡಿಯೊಳಗೆ ಹೋಗಲು ಒಪ್ಪಲಿಲ್ಲ. ಧರ್ಮದ ಸೂಕ್ಷ್ಮ ವಿಷಯ ಆದ್ದರಿಂದ ಕೋರ್ಟ್ ಮಾರ್ಷಲ್ ಬೇಡ ಅಂದುಕೊಂಡು 2021ರಲ್ಲಿ ಇದೇ ದಾರಿಯಲ್ಲಿ ಅವರನ್ನು ತೆಗೆದರು. 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಮಧ್ಯೆ ಬರಲಿಲ್ಲ.

ಈ ದಾರಿಯಲ್ಲಿ ಜೈಲಿಲ್ಲ, ಅದು ಒಳ್ಳೆಯದೇ. ಆದರೆ ಸಾಕ್ಷಿಯನ್ನು ಎದುರಿಗೆ ನಿಲ್ಲಿಸಿ ಪ್ರಶ್ನೆ ಕೇಳುವುದು, ಕಿರಿಯರಿಂದ ಮೊದಲು ಮತ ಕೇಳುವುದು, ಸದಸ್ಯರ ಮೇಲೆ ಆಕ್ಷೇಪ ಎತ್ತುವುದು, ಇದ್ಯಾವುದೂ ಇಲ್ಲ. ಒಬ್ಬ ಅಧಿಕಾರಿಯ ಇಡೀ ಬದುಕು ಕಾಗದದ ಮೇಲೆ ತೀರ್ಮಾನವಾಗುತ್ತದೆ. ಅಪರೂಪದ ಪ್ರಕರಣಕ್ಕೆ ಮಾತ್ರ ಇದು ಸಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ.

ದೂರು ಎಲ್ಲಿ ಕೊಡಬೇಕು

ಹೋಗಲು ನಿಜವಾದ ತೊಂದರೆ ಇರುವ ಅಧಿಕಾರಿ ಏನು ಮಾಡಬೇಕು? ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರಬಹುದು, ಸ್ವಂತ ಆರೋಗ್ಯ ಕೆಟ್ಟಿರಬಹುದು, ಸೇಡಿಗಾಗಿ ತನ್ನನ್ನೇ ಆರಿಸಿದ್ದಾರೆ ಅನ್ನಿಸಿರಬಹುದು. ಇದನ್ನೆಲ್ಲ ಹೊರಡುವ ದಿನಕ್ಕಿಂತ ಮೊದಲೇ ಬರವಣಿಗೆಯಲ್ಲಿ ಕೊಡಬೇಕು. 27ನೇ ಕಲಂ ಅಧಿಕಾರಿಗೆ ಕೇಂದ್ರ ಸರ್ಕಾರದವರೆಗೆ ದೂರು ಒಯ್ಯುವ ಹಕ್ಕು ಕೊಟ್ಟಿದೆ. ಆದರೆ ದೂರು ಬಾಕಿ ಇದೆ ಅಂತ ಆದೇಶ ನಿಲ್ಲುವುದಿಲ್ಲ. ಪಾಲಿಸುತ್ತಲೇ ದೂರು ನಡೆಸಬೇಕು. ಕೇಳಲು ಕಠಿಣ ಅನ್ನಿಸುತ್ತದೆ, ಅಲ್ವಾ? ಆದರೆ ಈ ಒಂದು ವಿಷಯ ತಿಳಿಯದೆ ನೌಕರಿ ಕಳೆದುಕೊಳ್ಳುವ ಅಪಾಯ ಇದೆ.

2007ರ ಕಾಯ್ದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಲ್ಲಿ ಕೆಲಸ ಶುರು ಮಾಡಿತು. ಅದಕ್ಕೂ ಮೊದಲು ಕೋರ್ಟ್ ಮಾರ್ಷಲ್ ವಿರುದ್ಧ ಮೇಲ್ಮನವಿ ಅನ್ನುವುದೇ ಇರಲಿಲ್ಲ. ಇದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತ್ತು. ಅಲ್ಲಿಂದ ನ್ಯಾಯಮಂಡಳಿ ಬರಲು 27 ವರ್ಷ ಹಿಡಿಯಿತು, ಅಷ್ಟು ದಿನ ಶಿಕ್ಷೆ ಆದವರ ಗತಿ ಏನು ಅಂತ ಯೋಚಿಸಿದರೆ ಸಂಕಟ ಆಗುತ್ತದೆ. ಕರ್ನಾಟಕದವರಿಗೆ ಕೊಚ್ಚಿಯ ಪೀಠ. ಕಾರವಾರದಿಂದ ರೈಲಿನಲ್ಲಿ ಕರಾವಳಿ ಹಿಡಿದು ಹೋಗಿ ಬರಬೇಕು.

ಇಲ್ಲಿ ಒಂದು ತೊಡಕಿದೆ. ಕೋರ್ಟ್ ಮಾರ್ಷಲ್ ತೀರ್ಪನ್ನು ಈ ನ್ಯಾಯಮಂಡಳಿ ನೋಡುತ್ತದೆ. ವರ್ಗಾವಣೆ, ನಿಯೋಜನೆ, ರಜೆ ಇವನ್ನು ನೋಡುವುದಿಲ್ಲ. ಒಬ್ಬಂಟಿಯಾಗಿ ಕಳಿಸಿದರೂ ಸರಿ, ಘಟಕದ ಅಥವಾ ಹಡಗಿನ ಜೊತೆ ಕಳಿಸಿದರೂ ಸರಿ ಅಂತ ಕಾಯ್ದೆಯಲ್ಲೇ ಬರೆದು ಹೊರಗಿಟ್ಟಿದ್ದಾರೆ. ಹಾಗಾಗಿ ಹೊರಡುವ ಆದೇಶವನ್ನೇ ಪ್ರಶ್ನಿಸಬೇಕಾದರೆ ಹೈಕೋರ್ಟಿನಲ್ಲಿ ರಿಟ್ ಹಾಕಬೇಕು, ನಮ್ಮ ಜಿಲ್ಲೆಗೆ ಅದು ಧಾರವಾಡ ಪೀಠ. ಆದರೆ ಸೇನೆಯವರ ವರ್ಗಾವಣೆಯಲ್ಲಿ ನ್ಯಾಯಾಲಯ ಕೈ ಹಾಕುವುದು ಬಹಳ ಅಪರೂಪ ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಸ್ಪಷ್ಟ ಮಾಡಿದೆ. ನ್ಯಾಯಮಂಡಳಿಯ ತೀರ್ಪಿನ ಮೇಲೂ ಹೈಕೋರ್ಟಿಗೆ ರಿಟ್ ಅಧಿಕಾರ ಇದೆ ಅಂತ 2023ರಲ್ಲಿ ಮತ್ತೆ ತೀರ್ಮಾನವಾಗಿದೆ. ಹಾಗಾಗಿ ಕೊಚ್ಚಿಯಲ್ಲಿ ಸೋತವರಿಗೆ ದೆಹಲಿಯ ಸುಪ್ರೀಂ ಕೋರ್ಟೊಂದೇ ದಾರಿ ಅಲ್ಲ.

ಮನೆಯವರಿಗೆ ಒಂದು ಮಾತು. ಹುಡುಗನ ಮೇಲೆ ಆರೋಪ ಬಂದಿದೆ ಅಂತ ತಿಳಿದ ದಿನ ಅವರ ಮೇಲಧಿಕಾರಿಗೆ ಫೋನ್ ಮಾಡಿ ಅಳುವುದರಿಂದ ಏನೂ ಆಗದು. ಆರೋಪಪಟ್ಟಿ, ಸಾಕ್ಷ್ಯ ಸಾರಾಂಶದ ಪ್ರತಿ ಸಿಕ್ಕಿದೆಯೇ ಅಂತ ಅವನನ್ನು ಕೇಳಿ. ಸೇನಾ ಕಾನೂನು ಗೊತ್ತಿರುವ ವಕೀಲರನ್ನು ಹುಡುಕಿ, ಮಾಮೂಲಿ ಕ್ರಿಮಿನಲ್ ವಕೀಲರಲ್ಲಿ ಎಲ್ಲರಿಗೂ ಇದು ಗೊತ್ತಿರುವುದಿಲ್ಲ. ವಿಚಾರಣೆ ಮುಗಿದಿದ್ದರೆ ಅದರ ಪೂರ್ತಿ ನಡಾವಳಿಯ ಪ್ರತಿ ಕೇಳಿ ಪಡೆಯುವ ಹಕ್ಕು 147ನೇ ಕಲಂನಲ್ಲಿದೆ. ಮೇಲ್ಮನವಿ ಬರೆಯಲು ಕೂತ ವಕೀಲರು ಮೊದಲು ಕೇಳುವ ಕಾಗದ ಅದೇ.